5 ಮಿಮೀ ಕೋನ್ ಎರಡು ದಿನ ಎರಡು ಉತ್ತರ ಕೊಟ್ಟಾಗ

ಗುರುವಾರ ಸಂಜೆ 5 ಮಿಮೀ ಕೋನ್‌ನಲ್ಲಿ ಡಯೋಡ್ (ಕಿರಣ ಅಳೆಯುವ ಸಣ್ಣ ಸಿಲಿಕಾನ್ ಡಿಟೆಕ್ಟರ್) 0.615 ತೋರಿಸಿತು. ಶನಿವಾರ ಬೆಳಿಗ್ಗೆ ಅದೇ ಡಯೋಡ್, ಅದೇ ಕೋನ್, ನೀರಿನಲ್ಲಿ ಅದೇ 10 ಸೆಂಮೀ ಆಳ. ಬಂದಿದ್ದು 0.598. ವ್ಯತ್ಯಾಸ ಶೇ 2.8.

ನಾನು ಮೆಡಿಕಲ್ ಫಿಸಿಸಿಸ್ಟ್. ಮೆದುಳಿನ ರೇಡಿಯೋಸರ್ಜರಿಗೆ, ಅಂದರೆ ಕತ್ತಿ ಹಾಕದೆ ಸಣ್ಣ ಕಿರಣದಿಂದಲೇ ಮಾಡುವ ಚಿಕಿತ್ಸೆಗೆ, ನಮ್ಮ 6 ಎಂವಿ ಲಿನಾಕ್‌ಗೆ (ವಿಕಿರಣ ಚಿಕಿತ್ಸೆಯ ಯಂತ್ರ) ಕೋನ್‌ಗಳ ಸೆಟ್ ಬಂದಿತ್ತು. ದಪ್ಪ ಲೋಹದ ಕೊಳವೆಗಳು, ನಡುವೆ ದುಂಡನೆಯ ತೂತು. ಕಿರಣ ಆ ತೂತಿನಷ್ಟೇ ದಪ್ಪವಾಗಿ ಹೊರಗೆ ಬರುತ್ತದೆ. ಪ್ರತಿ ಕೋನ್‌ಗೂ ಔಟ್‌ಪುಟ್ ಫ್ಯಾಕ್ಟರ್ ಅಂತ ಒಂದು ಸಂಖ್ಯೆ ಅಳೆಯಬೇಕು. 10×10 ಸೆಂಮೀ ಕಿರಣದಲ್ಲಿ ನಡುಮಧ್ಯದ ಡೋಸ್ 1 ಆದರೆ, ಅಷ್ಟೇ ಮಾನಿಟರ್ ಯೂನಿಟ್‌ಗೆ (ಯಂತ್ರ ಹೊರಬಿಡುವ ಕಿರಣದ ಎಣಿಕೆ) ಈ ಕೋನ್‌ನಲ್ಲಿ ಎಷ್ಟು ಅನ್ನುವುದೇ ಆ ಸಂಖ್ಯೆ. ರೋಗಿಗೆ ಯಂತ್ರವನ್ನು ಎಷ್ಟು ಹೊತ್ತು ಓಡಿಸಬೇಕು ಅಂತ ಪ್ಲಾನಿಂಗ್ ಕಂಪ್ಯೂಟರ್ ಲೆಕ್ಕ ಹಾಕುವುದು ಇದನ್ನು ನಂಬಿಕೊಂಡು.

ದೊಡ್ಡ ಕೋನ್‌ಗಳೆಲ್ಲ ಸಲೀಸಾಗಿ ಮುಗಿದವು. 15, 12.5, 10 ಮಿಮೀ, ಮೂರರಲ್ಲೂ ಎರಡು ದಿನದ ಅಳತೆ ಶೇ 0.5ರ ಒಳಗೆ ಕೂತವು. 7.5ರಲ್ಲಿ ಸ್ವಲ್ಪ ಅಲುಗಾಟ ಕಂಡಿತು. 5 ಮಿಮೀಗೆ ಬಂದಾಗ ಹೀಗಾಯಿತು. ಜೊತೆಗೆ 0.015 ಸಿಸಿಯ ಪಿನ್‌ಪಾಯಿಂಟ್ ಅಯಾನ್ ಚೇಂಬರ್‌ನಲ್ಲೂ (ಒಳಗೆ ಗಾಳಿ ಇರುವ ಇನ್ನೊಂದು ಬಗೆಯ ಡಿಟೆಕ್ಟರ್) ಅಳೆದಿದ್ದೆವು. ಅದು 0.548 ಅಂದಿತು.

ಚೇಂಬರ್ ಕಮ್ಮಿ ತೋರಿಸುವುದು, ಡಯೋಡ್ ಜಾಸ್ತಿ ತೋರಿಸುವುದು ನಿರೀಕ್ಷೆ ಇದ್ದದ್ದೇ. ಅದಕ್ಕೆ ತಿದ್ದುಪಡಿ ಗುಣಾಂಕಗಳಿವೆ. ಆದರೆ ಒಂದೇ ಡಿಟೆಕ್ಟರ್ ಎರಡು ದಿನ ಎರಡು ಉತ್ತರ ಕೊಟ್ಟರೆ ಯಾವ ಗುಣಾಂಕವೂ ಅದನ್ನು ತಿದ್ದುವುದಿಲ್ಲ. ಕೆಲಸ ನಿಲ್ಲಿಸಿದೆವು.

ಶೇ 2.8ಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ ಅಂತ ಯಾರಾದರೂ ಕೇಳಬಹುದು. ಇಡೀ ಚಿಕಿತ್ಸೆಯ ಡೋಸ್ ಶೇ 5ರ ಒಳಗೆ ನಿಖರವಾಗಿರಬೇಕು ಅಂತ ವಿಕಿರಣ ಅಳತೆಗಳ ಅಂತರರಾಷ್ಟ್ರೀಯ ಆಯೋಗ ಐಸಿಆರ್‌ಯು 1976ರಲ್ಲೇ ಹೇಳಿದೆ. ಆ ಶೇ 5ರಲ್ಲಿ ಸ್ಕ್ಯಾನ್, ರೋಗಿಯನ್ನು ಮಲಗಿಸುವುದು, ಯಂತ್ರ, ಲೆಕ್ಕ ಎಲ್ಲವೂ ಸೇರಿವೆ. ನಾನೊಬ್ಬಳೇ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನುಂಗಿದರೆ ಉಳಿದವರಿಗೆ ಏನು ಉಳಿಯುತ್ತದೆ?

ಇನ್ನೊಂದು ಕಾರಣವೂ ಇದೆ, ಅದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಫ್ರಾನ್ಸಿನ ಟೂಲೂಸ್‌ನಲ್ಲಿ 2006–07ರಲ್ಲಿ 145 ರೇಡಿಯೋಸರ್ಜರಿ ರೋಗಿಗಳಿಗೆ ಹೆಚ್ಚು ಡೋಸ್ ಹೋಯಿತು. ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2004ರಿಂದ 2009ರವರೆಗೆ 76 ಜನರಿಗೆ ಸುಮಾರು ಶೇ 50 ಹೆಚ್ಚು ಹೋಯಿತು. ಎರಡೂ ಕಡೆ ಯಂತ್ರ ಸರಿಯಾಗಿಯೇ ಇತ್ತು. ಸಣ್ಣ ಕಿರಣವನ್ನು ಅದಕ್ಕೆ ತಕ್ಕದ್ದಲ್ಲದ, ದೊಡ್ಡ ಚೇಂಬರ್‌ನಲ್ಲಿ ಅಳೆದಿದ್ದರು, ಅಷ್ಟೇ.

ಈ ತಪ್ಪು ಯಾವ ಕಡೆಗೆ ವಾಲುತ್ತದೆ ನೋಡಿ. ಮರಳಿನ ರಾಶಿಯ ತುದಿ ಎಷ್ಟು ಎತ್ತರ ಅಂತ ತಿಳಿಯಲು ಅಗಲವಾದ ಹಲಗೆ ಒತ್ತಿದರೆ ತುದಿ ಚಪ್ಪಟೆಯಾಗುತ್ತದೆ, ಎತ್ತರ ಕಮ್ಮಿ ಬರುತ್ತದೆ. ಸಣ್ಣ ಕಿರಣದ ಡೋಸ್ ಕೂಡ ಹಾಗೇ ಒಂದು ಚೂಪು ರಾಶಿ. ದೊಡ್ಡ ಚೇಂಬರ್ ತುದಿ ಮತ್ತು ಇಳಿಜಾರು ಎರಡನ್ನೂ ಸೇರಿಸಿ ಸರಾಸರಿ ಕೊಡುತ್ತದೆ. ಉತ್ತರ ಕಮ್ಮಿ ಬರುತ್ತದೆ. ಕಂಪ್ಯೂಟರ್ "ಓ, ಈ ಕೋನ್‌ನಲ್ಲಿ ಡೋಸ್ ಕಮ್ಮಿ" ಅಂದುಕೊಂಡು ಯಂತ್ರವನ್ನು ಜಾಸ್ತಿ ಹೊತ್ತು ಓಡಿಸುತ್ತದೆ. ಅಳತೆ ಕಮ್ಮಿಯಾದಷ್ಟೂ ರೋಗಿಗೆ ಜಾಸ್ತಿ ಹೋಗುತ್ತದೆ. ಡಿಟೆಕ್ಟರ್ ನಡುಮಧ್ಯದಿಂದ ಜರುಗಿದರೂ ಇದೇ ಕಥೆ. ನಡುವಿನಿಂದ ಎತ್ತ ಜರುಗಿದರೂ ಇಳಿಜಾರೇ ಅಲ್ವಾ? ಹಾಗಾಗಿ ಈ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ, ಎರಡೂ ಒಂದೇ ಕಡೆ ಸೇರುತ್ತವೆ.

ಭಾನುವಾರ: ಯಾವುದು ಅಲ್ಲ ಅಂತ ತಿಳಿದುಕೊಂಡಿದ್ದು

ಮೊದಲು ಯಂತ್ರ. ಕೋನ್ ತೆಗೆದು 10×10ರಲ್ಲಿ ಚೇಂಬರ್ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆದೆವು. ಶೇ 0.2ಕ್ಕಿಂತ ಆಚೆ ಹೋಗಲಿಲ್ಲ. ಯಂತ್ರ ಆಚೀಚೆ ಆಗುತ್ತಿಲ್ಲ.

ಆಮೇಲೆ ಡಿಟೆಕ್ಟರ್‌ನ ಓದು ತೋರಿಸುವ ಎಲೆಕ್ಟ್ರೋಮೀಟರ್ ಮತ್ತು ಕೇಬಲ್. ಕಿರಣ ಇಲ್ಲದೆ ಹತ್ತು ನಿಮಿಷ ಬಿಟ್ಟು ಸೋರಿಕೆ ನೋಡಿದೆವು, ಗಮನಿಸುವಷ್ಟು ಇರಲಿಲ್ಲ. ಹೊಸಬರಿಗೆ ಇಲ್ಲಿ ಒಂದು ಮಾತು. ಡಯೋಡ್‌ಗಾಗಲಿ ಡೈಮಂಡ್ ಡಿಟೆಕ್ಟರ್‌ಗಾಗಲಿ ಬಯಾಸ್ (ಡಿಟೆಕ್ಟರ್‌ಗೆ ಕೊಡುವ ವೋಲ್ಟೇಜ್) 0 ವೋಲ್ಟ್‌ನಲ್ಲೇ ಇರಬೇಕು. ಚೇಂಬರ್ ತೆಗೆದು ಡಯೋಡ್ ಸಿಕ್ಕಿಸುವಾಗ ಹಳೆಯ 400 ವೋಲ್ಟ್ ಹಾಗೇ ಉಳಿದರೆ ಡಿಟೆಕ್ಟರ್ ಕೈಬಿಟ್ಟ ಹಾಗೆ. ನಾವು ಎಲೆಕ್ಟ್ರೋಮೀಟರ್ ಮೇಲೆ ಕೆಂಪು ಚೀಟಿ ಅಂಟಿಸಿದ್ದೇವೆ. ಬಯಾಸ್ ನೋಡದೆ ಯಾರೂ ಕೇಬಲ್ ಮುಟ್ಟುವುದಿಲ್ಲ.

ಕೋನ್ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತಿದೆಯಾ? ಬಿಚ್ಚಿ ಹಾಕಿ ಐದು ಸಲ ವಿನ್‌ಸ್ಟನ್–ಲುಟ್ಜ್ ಪರೀಕ್ಷೆ ಮಾಡಿದೆವು. ಟಂಗ್‌ಸ್ಟನ್ ಗುಂಡನ್ನು ಐಸೋಸೆಂಟರ್‌ನಲ್ಲಿ (ಯಂತ್ರ ಸುತ್ತುವ ಕೇಂದ್ರಬಿಂದು) ಇಟ್ಟು, ಗ್ಯಾಂಟ್ರಿ (ಯಂತ್ರದ ಸುತ್ತುವ ಭಾಗ) ಮತ್ತು ಮಂಚವನ್ನು ಬೇರೆ ಬೇರೆ ಕೋನದಲ್ಲಿ ತಿರುಗಿಸಿ ಚಿತ್ರ ತೆಗೆಯುವ ಪರೀಕ್ಷೆ ಅದು. 1988ರಿಂದ ಬಳಕೆಯಲ್ಲಿದೆ, ಇವತ್ತಿಗೂ ಇದಕ್ಕಿಂತ ನೇರವಾದದ್ದು ನನಗೆ ಗೊತ್ತಿಲ್ಲ. ಗುಂಡಿನ ನೆರಳು ಕಿರಣದ ನಡುವಿನಿಂದ 0.6 ಮಿಮೀಗಿಂತ ಹೆಚ್ಚು ಜರುಗಲಿಲ್ಲ. 1 ಮಿಮೀ ಮಿತಿಯ ಒಳಗೇ ಇದೆ. ಬಿಚ್ಚಿ ಹಾಕಿದಾಗ ಆದ ಬದಲಾವಣೆ 0.1 ಮಿಮೀ ಕೂಡ ಇಲ್ಲ.

ಕೋನ್ ಹಿಂದಿನ ಜಾಸ್ (ಕಿರಣದ ಅಗಲ ಹಿಡಿಯುವ ಲೋಹದ ಗಟ್ಟಿಗಳು) ಎರಡೂ ದಿನ 5×5 ಸೆಂಮೀಗೇ ಇದ್ದವು. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಜಾಸ್ ಬದಲಾದರೆ ಔಟ್‌ಪುಟ್ ಫ್ಯಾಕ್ಟರ್ ಕೂಡ ಬದಲಾಗುತ್ತದೆ. ಚಿಕಿತ್ಸೆಗೆ ಯಾವ ಅಳತೆ ಬಳಸುತ್ತೀರೋ ಅದರಲ್ಲೇ ಅಳೆಯಬೇಕು. ಜಾಸ್ ತೀರಾ ಅಗಲವಾಗಿ ತೆರೆದರೆ ಕೋನ್‌ನ ತಟ್ಟೆಯ ಅಂಚಿನಿಂದಾಚೆ ಕಿರಣ ಸೋರುತ್ತದೆ, ಅದು ಇನ್ನೂ ಕೆಟ್ಟದ್ದು.

ಸಂಜೆಗೆ ಉಳಿದದ್ದು ನಾವು ಅಳೆಯುವ ವಾಟರ್ ಟ್ಯಾಂಕ್ ಒಂದೇ.

ಎಡದಿಂದ ಹೋದರೆ ಒಂದು ನಡು, ಬಲದಿಂದ ಬಂದರೆ ಇನ್ನೊಂದು

ಡಿಟೆಕ್ಟರ್ ಅನ್ನು ಕಿರಣದ ನಡುವಿಗೆ ತರುವುದು ಹೀಗೆ. ಟ್ಯಾಂಕ್‌ನ ಮೋಟಾರ್ ತೋಳು ಅದನ್ನು ಕಿರಣಕ್ಕೆ ಅಡ್ಡಲಾಗಿ ಸರಿಸುತ್ತದೆ. ಓದು ಏರಿ ಇಳಿಯುತ್ತದೆ. ಎರಡೂ ಕಡೆ ಓದು ಅರ್ಧಕ್ಕೆ ಇಳಿದ ಜಾಗ ಗುರುತಿಸಿ ಅವುಗಳ ಮಧ್ಯವೇ ನಡು ಅಂತ ಇಟ್ಟುಕೊಳ್ಳುತ್ತೇವೆ. ಎಡ–ಬಲ ಒಂದು ಸಲ, ಹಿಂದೆ–ಮುಂದೆ ಒಂದು ಸಲ.

ಅಷ್ಟು ದಿನ ನಾವು ಒಂದೇ ದಿಕ್ಕಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದೆವು. ಈ ಸಲ ಎರಡೂ ದಿಕ್ಕಿನಿಂದ ಮಾಡಿದೆವು. ಎಡದಿಂದ ಬಲಕ್ಕೆ ಹೋದಾಗ ಸಿಕ್ಕ ನಡುವಿಗೂ ಬಲದಿಂದ ಎಡಕ್ಕೆ ಬಂದಾಗ ಸಿಕ್ಕ ನಡುವಿಗೂ 0.4 ಮಿಮೀ ಅಂತರ. ಹಿಂದೆ–ಮುಂದೆಯ ದಿಕ್ಕಿನಲ್ಲೂ ಅಷ್ಟೇ.

0.4 ಮಿಮೀ ಅಂದರೆ ನಾಲ್ಕೈದು ಕೂದಲೆಳೆಯ ದಪ್ಪ. 10×10 ಕಿರಣದಲ್ಲಿ ಇದು ಲೆಕ್ಕಕ್ಕೇ ಇಲ್ಲ, ಅಲ್ಲಿ ನಡುವಿನ ಭಾಗ ಚಪ್ಪಟೆಯಾಗಿರುತ್ತದೆ. 5 ಮಿಮೀ ಕಿರಣದಲ್ಲಿ ಚಪ್ಪಟೆ ಅನ್ನುವ ಜಾಗವೇ ಇಲ್ಲ. ಅದಕ್ಕೆ ಎರಡು ಕಾರಣ. ಒಂದು, ತೂತು ಎಷ್ಟು ಸಣ್ಣದೆಂದರೆ ಅದರ ಮೂಲಕ ನೋಡಿದರೆ ಕಿರಣ ಹುಟ್ಟುವ ಚುಕ್ಕೆ ಪೂರ್ತಿ ಕಾಣುವುದಿಲ್ಲ, ಅಂಚಿನ ಮಸುಕು ನಡುವಿನವರೆಗೆ ಬಂದುಬಿಡುತ್ತದೆ. ಎರಡನೆಯದು, 6 ಎಂವಿ ಕಿರಣ ನೀರಿನಲ್ಲಿ ಎಬ್ಬಿಸುವ ಎಲೆಕ್ಟ್ರಾನ್‌ಗಳು ಪಕ್ಕಕ್ಕೆ ಹಾರುತ್ತವೆ. ಹಾರಿ ಹೋದಷ್ಟೇ ಪಕ್ಕದಿಂದ ಒಳಗೆ ಬಂದರೆ ಸಮತೋಲನ. ಅದಕ್ಕೆ ಕಿರಣದ ಅರ್ಧ ಅಗಲವೇ 1.2 ಸೆಂಮೀ ಹತ್ತಿರ ಇರಬೇಕು. ನಮ್ಮ ಕೋನ್‌ನ ಅರ್ಧ ಅಗಲ 2.5 ಮಿಮೀ. ಹೋದದ್ದು ಹೋಗುತ್ತದೆ, ಬರುವುದು ಇಲ್ಲ.

ಪ್ರೊಫೈಲ್, ಅಂದರೆ ಕಿರಣಕ್ಕೆ ಅಡ್ಡಲಾಗಿ ಓದು ಏರಿಳಿಯುವ ಗೆರೆ, ಗಂಟೆಯ ಆಕಾರದ್ದು, ಅರ್ಧ ಎತ್ತರದಲ್ಲಿ 5 ಮಿಮೀ ಅಗಲ ಅಂದುಕೊಂಡು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ದಿಕ್ಕಿನಲ್ಲಿ 0.4 ಮಿಮೀ ಜರುಗಿದರೆ ಓದು ಶೇ 1.8 ಕಮ್ಮಿ. ಎರಡೂ ದಿಕ್ಕಿನಲ್ಲಿ ಒಟ್ಟಿಗೆ ಜರುಗಿದರೆ ಶೇ 3.5. ನಿಜವಾದ ಪ್ರೊಫೈಲ್‌ನ ತುದಿ ಗಂಟೆಗಿಂತ ಸ್ವಲ್ಪ ಮೊಂಡು, ಹಾಗಾಗಿ ಇದಕ್ಕಿಂತ ಸ್ವಲ್ಪ ಕಮ್ಮಿಯೇ. ನಮ್ಮ ಶೇ 2.8 ಅಲ್ಲೇ ಎಲ್ಲೋ ಬಂದು ಕೂರುತ್ತದೆ. ಆ ಸಂಜೆ ನನಗೆ ಅರ್ಥವಾದದ್ದು ಇಷ್ಟು. ಈ ಗಾತ್ರದಲ್ಲಿ ಡಿಟೆಕ್ಟರ್ ಎಲ್ಲಿದೆ ಅಂತ ಅಳೆಯುವುದು, ಡೋಸ್ ಎಷ್ಟಿದೆ ಅಂತ ಅಳೆಯುವುದು, ಎರಡೂ ಒಂದೇ ಕೆಲಸ.

ಸೂಜಿ

ದಿಕ್ಕು ಬದಲಾದಾಗ ನಡು ಬದಲಾದರೆ ಮೊದಲ ಅನುಮಾನ ತೋಳಿನ ಸ್ಕ್ರೂ ಮೇಲೆ. ಹಲ್ಲು ಸವೆದಿದ್ದರೆ ದಿಕ್ಕು ತಿರುಗುವಾಗ ಸ್ವಲ್ಪ ಸಡಿಲ ಓಡುತ್ತದೆ. ನೀರು ಖಾಲಿ ಮಾಡಿ ತೋಳಿಗೆ ಡಯಲ್ ಗೇಜ್ ಹಚ್ಚಿದೆವು. 10 ಮಿಮೀ ಹೋಗಿ ವಾಪಸ್. ಮತ್ತೆ ಹೋಗಿ ವಾಪಸ್. ಮುಳ್ಳು 0.05 ಮಿಮೀಗಿಂತ ಆಚೆ ಹೋಗಲಿಲ್ಲ. ತೋಳು ಚೆನ್ನಾಗಿಯೇ ಇದೆ.

ಇಲ್ಲಿ ಒಂದು ಗಂಟೆ ಸುಮ್ನೆ ಕೂತೆವು. ತೋಳು ಸರಿ, ಕಿರಣ ಸರಿ, ನಡು ಮಾತ್ರ ಎರಡು. ನನ್ನ ಜೊತೆಗಿದ್ದ ಹುಡುಗಿ, ಈ ವರ್ಷವೇ ಇಂಟರ್ನ್‌ಶಿಪ್‌ಗೆ ಬಂದವಳು, ಟ್ಯಾಂಕ್ ಒಳಗೆ ಬಗ್ಗಿ ನೋಡುತ್ತಿದ್ದಳು.

"ಮೇಡಂ, ತೋಳು ಅಲ್ಲಾಡ್ತಿಲ್ಲ ಸರಿ. ಡಯೋಡ್‌ನ ತುದಿ ಅಲ್ಲಾಡ್ತಿದ್ರೆ?"

ಅವಳು ಕೇಳಿದ್ದು ಸರಿಯಾಗಿತ್ತು. ನಾವು ಗೇಜ್ ಇಟ್ಟಿದ್ದು ತೋಳಿಗೆ. ಕಿರಣ ನೋಡುವುದು ಡಯೋಡ್‌ನ ತುದಿಯನ್ನು. ಎರಡರ ನಡುವೆ ಒಂದು ಪ್ಲಾಸ್ಟಿಕ್ ಬುಷ್ (ಹಿಡಿದುಕೊಳ್ಳುವ ಸಣ್ಣ ಕೊಳವೆ) ಇದೆ, ಡಯೋಡ್ ಅದರ ತೂತಿನಲ್ಲಿ ನಿಂತಿರುತ್ತದೆ. ತುದಿಗೆ ನೇರವಾಗಿ ಗೇಜ್ ಹಚ್ಚುವಂತಿರಲಿಲ್ಲ, ಮುಳ್ಳಿನ ಒತ್ತಡವೇ ಅದನ್ನು ತಳ್ಳಿಬಿಡುತ್ತದೆ. ಹಾಗಾಗಿ ಒಂದು ಹೊಲಿಗೆ ಸೂಜಿಯನ್ನು ಟ್ಯಾಂಕ್‌ನ ಗೋಡೆಗೆ ಬಿಗಿದ ಕಂಬಿಯ ತುದಿಗೆ ಅಂಟಿಸಿ, ಅದರ ಮೊನೆ ಡಯೋಡ್‌ನ ತುದಿಗೆ ಒಂದು ಮಿಮೀ ದೂರದಲ್ಲಿ ನಿಲ್ಲುವಂತೆ ಇಟ್ಟೆವು. ತೋಳನ್ನು ಎಡದಿಂದ ತಂದು ಸೊನ್ನೆಯಲ್ಲಿ ನಿಲ್ಲಿಸಿ ಫೋನಿನಲ್ಲಿ ಹತ್ತಿರದಿಂದ ಫೋಟೋ. ಬಲದಿಂದ ತಂದು ಅದೇ ಸೊನ್ನೆಯಲ್ಲಿ ಇನ್ನೊಂದು ಫೋಟೋ. ಆಮೇಲೆ ಸಂದಿಗೆ ಫೀಲರ್ ಗೇಜ್‌ನ, ಅಂದರೆ ಗೊತ್ತಾದ ದಪ್ಪದ, ಹಾಳೆಗಳನ್ನು ಒಂದೊಂದಾಗಿ ತೂರಿಸಿ ನೋಡಿದೆವು.

ಎಡದಿಂದ ಬಂದಾಗ 1.0 ಮಿಮೀ ಹಾಳೆ ಬಿಗಿಯಾಗಿ ಹೋಯಿತು. ಬಲದಿಂದ ಬಂದಾಗ 0.6ರದ್ದು ಹೋಗಿ 0.65ರದ್ದು ತಡೆಯಿತು.

ಸಿಕ್ಕಿಬಿತ್ತು. ಬುಷ್ ತೂತು ಸವೆದು ಡಯೋಡ್‌ಗಿಂತ ಸುಮಾರು 0.1 ಮಿಮೀ ದೊಡ್ಡದಾಗಿತ್ತು. ಬುಷ್ ಉದ್ದ ಬರೀ 10 ಮಿಮೀ. ಡಯೋಡ್‌ನ ತುದಿ ಅದರಿಂದ 40 ಮಿಮೀ ಮೇಲೆ. 10 ಮಿಮೀ ಉದ್ದದಲ್ಲಿ 0.1 ಸಡಿಲ ಇದ್ದರೆ 40 ಮಿಮೀ ದೂರದಲ್ಲಿ 0.4. ವಾಲಿಸುತ್ತಿದ್ದದ್ದು ಕೇಬಲ್. ತೋಳು ಬಲಕ್ಕೆ ಹೋಗುವಾಗ ಕೆಳಗಿನ ಕೇಬಲ್ ಹಿಂದಕ್ಕೆ ಜಗ್ಗುತ್ತದೆ, ಡಯೋಡ್ ಒಂದು ಕಡೆ ವಾಲುತ್ತದೆ. ಎಡಕ್ಕೆ ಬರುವಾಗ ಇನ್ನೊಂದು ಕಡೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಟ್ಟಿಯಾಗಿಯೇ ಅನಿಸುತ್ತಿತ್ತು, ಅದೇ ಮೋಸ.

ಬುಷ್

ಹೊಸದು ತರಿಸಬಹುದಿತ್ತು. ಆದರೆ ಅದೂ 10 ಮಿಮೀ ಉದ್ದದ್ದೇ ಬರುತ್ತದೆ, ವರ್ಷದಲ್ಲಿ ಮತ್ತೆ ಸವೆಯುತ್ತದೆ. ಉದ್ದವಾದದ್ದು ನಾವೇ ಮಾಡೋಣ ಅಂದುಕೊಂಡೆವು. ಮೋಲ್ಡ್ ರೂಮಿನ ಪಕ್ಕದ ವರ್ಕ್‌ಶಾಪ್‌ನಲ್ಲಿ ಸಣ್ಣ ಲೇತ್ ಇದೆ.

ಅಕ್ರಿಲಿಕ್ ಆರಿಸಿದ್ದು ಅದು ನೀರಿಗೆ ಹತ್ತಿರದ ಸಾಂದ್ರತೆಯದು ಅಂತ. ಕಿರಣದ ಹತ್ತಿರ ಲೋಹ ಇದ್ದರೆ ಚದುರಿಕೆ ಬದಲಾಗುತ್ತದೆ. 25 ಮಿಮೀ ದಪ್ಪದ ಸರಳಿನಿಂದ 30 ಮಿಮೀ ಉದ್ದ ಕತ್ತರಿಸಿದೆವು. ಡಯೋಡ್‌ನ ಹೊರ ವ್ಯಾಸ 7 ಮಿಮೀ. ನೇರವಾಗಿ 7ರ ಡ್ರಿಲ್ ಹಾಕಿದರೆ ತೂತು ಅಗಲವಾಗುತ್ತದೆ. 6.8 ಡ್ರಿಲ್ ಹಾಕಿ ಆಮೇಲೆ 7ರ ರೀಮರ್ ಓಡಿಸಿದೆವು. ಲೇತ್ ನಿಧಾನ ಇರಬೇಕು, ನೀರು ಹನಿಸುತ್ತಲೇ ಇರಬೇಕು. ಮೊದಲ ತುಂಡಿನಲ್ಲಿ ಅವಸರ ಮಾಡಿದೆವು. ಅಕ್ರಿಲಿಕ್ ಬಿಸಿಯಾಗಿ ಕರಗಿ ತೂತಿನ ಗೋಡೆಗೆ ಹಾಲುಬಣ್ಣದ ಪದರ ಅಂಟಿಕೊಂಡಿತು, ಅದನ್ನು ಎಸೆದೆವು. ಎರಡನೆಯದು ಗಾಜಿನಂತೆ ಬಂತು.

ಬದಿಯಲ್ಲಿ ಗರಗಸದಿಂದ ಉದ್ದಕ್ಕೆ ಒಂದು ಸೀಳು ಹಾಕಿ, ಅಡ್ಡಕ್ಕೆ ನೈಲಾನ್ ಸ್ಕ್ರೂ ಕೂರಿಸಿದೆವು. ಸ್ಕ್ರೂ ತಿರುಗಿಸಿದರೆ ಸೀಳು ಮುಚ್ಚಿಕೊಂಡು ತೂತು ಡಯೋಡ್ ಅನ್ನು ಸುತ್ತಲೂ ಒಂದೇ ಸಮ ಹಿಡಿಯುತ್ತದೆ. ಚುಚ್ಚಿ ಹಿಡಿಯುವ ಗ್ರಬ್ ಸ್ಕ್ರೂ ಬೇಡ ಅಂದೆ, ಅದು ಡಿಟೆಕ್ಟರ್ ಅನ್ನು ಒಂದು ಕಡೆಗೆ ತಳ್ಳುತ್ತದೆ. ಅಂಚುಗಳನ್ನು 600ರ ಉಪ್ಪುಕಾಗದದಲ್ಲಿ ಉಜ್ಜಿದೆವು. ಕೇಬಲ್ ಜಗ್ಗದಂತೆ ಬುಷ್ ಕೆಳಗೆ ಒಂದು ಕೊಕ್ಕೆ ಕೂರಿಸಿ ಕೇಬಲ್ಲಿಗೆ ಅಲ್ಲಿ ಒಂದು ಸುತ್ತು ಕೊಟ್ಟೆವು. ಈಗ ಜಗ್ಗಿದರೂ ಜಗ್ಗುವುದು ಕೊಕ್ಕೆಯನ್ನು, ಡಯೋಡ್ ಅನ್ನಲ್ಲ.

ಸೂಜಿ ಮತ್ತೆ ಇಟ್ಟು ನೋಡಿದೆವು. ಎಡದಿಂದಲೂ ಬಲದಿಂದಲೂ ಒಂದೇ ಹಾಳೆ, ಒಂದೇ ಬಿಗಿ.

ಮತ್ತೆ ನೀರಿಗೆ

ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟೆವು, ಉಷ್ಣತೆ ಕೋಣೆಗೆ ಹೊಂದಿಕೊಳ್ಳಲಿ ಅಂತ. ಬೆಳಿಗ್ಗೆ ಮೊದಲ ಕೆಲಸ ನೀರಿನ ಮಟ್ಟ ನೋಡುವುದು. ಒಂದು ರಾತ್ರಿಗೆ ಒಂದೆರಡು ಮಿಮೀ ಆರಿರುತ್ತದೆ.

ಇನ್ನೊಂದು ವಿಷಯ ಇಲ್ಲಿ ಬಿಡಬಾರದು. ಟ್ಯಾಂಕ್‌ನ ಲಂಬ ಅಕ್ಷ ಕಿರಣಕ್ಕೆ ಸಮಾನಾಂತರವಾಗಿ ಇಲ್ಲದಿದ್ದರೆ, ಮೇಲ್ಗಡೆ ನಡುವಿಗೆ ತಂದ ಡಿಟೆಕ್ಟರ್ ಕೆಳಗಿಳಿದಾಗ ನಡುವಿನಲ್ಲಿ ಇರುವುದಿಲ್ಲ. ಬರೀ 0.3 ಡಿಗ್ರಿ ವಾಲಿದ್ದರೆ 10 ಸೆಂಮೀ ಇಳಿಯುವುದರೊಳಗೆ 0.5 ಮಿಮೀ ಜರುಗಿರುತ್ತದೆ. ಹಾಗಾಗಿ 5 ಸೆಂಮೀ ಮತ್ತು 20 ಸೆಂಮೀ ಆಳಗಳಲ್ಲಿ ಬೇರೆ ಬೇರೆ ನಡು ಹುಡುಕಿದೆವು. ಮೊದಲ ಸಲ 0.6 ಮಿಮೀ ಅಂತರ ಬಂತು. ಟ್ಯಾಂಕ್ ಕಾಲಿನ ಸ್ಕ್ರೂ ತಿರುಗಿಸಿ 0.1ಕ್ಕೆ ಇಳಿಸಿದೆವು. ಗುಳ್ಳೆಯ ಮಟ್ಟ ನೋಡಿ ಸಮ ಇದೆ ಅಂತ ಬಿಟ್ಟರೆ ಸಾಲದು. ಗ್ಯಾಂಟ್ರಿ 0 ಡಿಗ್ರಿ ಅಂತ ತೋರಿಸಿದರೂ ಒಂದೆರಡು ದಶಾಂಶ ವಾಲಿರಬಹುದು, ಅದನ್ನು ಕಿರಣವೇ ಹೇಳಬೇಕು.

ಅಳತೆ ಶುರು. ಮೂಲದಿಂದ ನೀರಿನ ಮೇಲ್ಮೈ 90 ಸೆಂಮೀ, ಡಿಟೆಕ್ಟರ್ 10 ಸೆಂಮೀ ಆಳದಲ್ಲಿ. ಪ್ರತಿ ಓದಿಗೆ 200 ಮಾನಿಟರ್ ಯೂನಿಟ್. ದೊಡ್ಡ ಕಿರಣದಲ್ಲಿ ಮಾಡುವಂತೆ ಕಿರಣದ ಮೂಲೆಯಲ್ಲಿ ಇನ್ನೊಂದು ರೆಫರೆನ್ಸ್ ಡಿಟೆಕ್ಟರ್ ಇಡುವಂತಿಲ್ಲ, 5 ಮಿಮೀ ಕಿರಣದಲ್ಲಿ ಮೂಲೆ ಅನ್ನುವುದೇ ಇಲ್ಲ. ಹಾಗಾಗಿ ಹೆಜ್ಜೆ ಹೆಜ್ಜೆಗೆ ನಿಲ್ಲಿಸಿ ಓದಬೇಕು, ಅಲೆ ಅಡಗುವವರೆಗೆ ಕಾಯಬೇಕು.

ಡಯೋಡ್ ಅನ್ನು ನೇರವಾಗಿ 10×10ಕ್ಕೆ ಹೋಲಿಸಲಿಲ್ಲ. ದೊಡ್ಡ ಕಿರಣದಲ್ಲಿ ಕಮ್ಮಿ ಶಕ್ತಿಯ ಚದುರಿದ ಕಿರಣ ಜಾಸ್ತಿ, ಸಿಲಿಕಾನ್ ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ನಡುವೆ ಒಂದು ಮೆಟ್ಟಿಲು ಬೇಕು. 5 ಮಿಮೀಯಿಂದ 4×4 ಸೆಂಮೀವರೆಗೆ ಡಯೋಡ್, 4×4ರಿಂದ 10×10ರವರೆಗೆ ಅಯಾನ್ ಚೇಂಬರ್. ಮೊದಲ ಅನುಪಾತ 0.718, ಎರಡನೆಯದು 0.864. ಗುಣಿಸಿದರೆ 0.620. ಮೆಟ್ಟಿಲಿಲ್ಲದೆ ನೇರ ಹೋಲಿಸಿದ್ದರೆ 0.611 ಬರುತ್ತಿತ್ತು, ಅದನ್ನೂ ಬರೆದಿಟ್ಟೆವು.

ಮುಖ್ಯ ವಿಷಯ ಈಗ. ಬಿಚ್ಚಿ, ಹಾಕಿ, ಹೊಸದಾಗಿ ನಡು ಹುಡುಕಿ, ಮೂರು ದಿನದಲ್ಲಿ ಐದು ಸಲ ಅಳೆದೆವು: 0.621, 0.620, 0.622, 0.621, 0.619. ಆ ಸಾಲನ್ನು ಲಾಗ್ ಪುಸ್ತಕದಲ್ಲಿ ಬರೆಯುವಾಗ ಆದ ಸಮಾಧಾನ ಹೇಳತೀರದು.

ಆದರೆ 0.621 ಉತ್ತರ ಅಲ್ಲ, ಅದು ಡಯೋಡ್‌ನ ಓದು. ಸಿಲಿಕಾನ್ ನೀರಿಗಿಂತ ಎರಡೂಕಾಲು ಪಟ್ಟಿಗಿಂತ ಹೆಚ್ಚು ಸಾಂದ್ರ, ಸಣ್ಣ ಕಿರಣದಲ್ಲಿ ಅದು ಜಾಸ್ತಿ ಓದುತ್ತದೆ. ಇದನ್ನು ತಿದ್ದುವ ಗುಣಾಂಕಗಳು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಐಎಇಎ ಮತ್ತು ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂ ಸೇರಿ 2017ರಲ್ಲಿ ತಂದ ಟಿಆರ್‌ಎಸ್-483 ಪುಸ್ತಕದಲ್ಲಿವೆ. ಕೋಷ್ಟಕ ನೋಡುವಾಗ ಒಂದು ಎಚ್ಚರ ಬೇಕು. ಅದು ಚೌಕ ಕಿರಣದ ಅಗಲದ ಮೇಲೆ ನಿಂತಿದೆ, ನಮ್ಮದು ದುಂಡು. ಅರ್ಧ ಎತ್ತರದಲ್ಲಿ ಅಳೆದ ತ್ರಿಜ್ಯವನ್ನು 1.77ರಿಂದ ಗುಣಿಸಿದರೆ ಸಮನಾದ ಚೌಕ ಸಿಗುತ್ತದೆ. 2.5 ಮಿಮೀ ತ್ರಿಜ್ಯಕ್ಕೆ 4.4 ಮಿಮೀ. ಕೋನ್ ಮೇಲೆ 5 ಅಂತ ಕೆತ್ತಿದೆ ಅಂತ 5ರ ಸಾಲಿಗೆ ಹೋದರೆ ತಪ್ಪು ಗುಣಾಂಕ ಸಿಗುತ್ತದೆ. ನಮ್ಮ ಡಯೋಡ್‌ಗೆ ತಿದ್ದುಪಡಿ ಶೇ 4ಕ್ಕಿಂತ ಸ್ವಲ್ಪ ಜಾಸ್ತಿ ಇಳಿಕೆ. ಉತ್ತರ 0.594.

ಮೈಕ್ರೋಡೈಮಂಡ್ ಅನ್ನುವ ಸಣ್ಣ ಡೈಮಂಡ್ ಡಿಟೆಕ್ಟರ್‌ನಲ್ಲೂ ಇದೇ ಕ್ರಮ. ಅದಕ್ಕೆ ಅಳತೆಗೆ ಮುಂಚೆ ಒಂದು 5 ಗ್ರೇ (ಡೋಸ್‌ನ ಏಕಮಾನ) ಕೊಟ್ಟು ಸ್ಥಿರ ಮಾಡಿಕೊಳ್ಳಬೇಕು. ತಿದ್ದಿದ ಮೇಲೆ 0.593.

ಪಿನ್‌ಪಾಯಿಂಟ್ ಚೇಂಬರ್ ಹೊಸ ಬುಷ್‌ನಲ್ಲಿ 0.548ರಿಂದ 0.561ಕ್ಕೆ ಏರಿತು. ಅಂದರೆ ಅದರ ಕೊರತೆಯಲ್ಲೂ ಒಂದು ಪಾಲು ವಾಲಿಕೆಯದ್ದೇ ಆಗಿತ್ತು. ಉಳಿದದ್ದು ಅದರ ಗಾತ್ರ ಮತ್ತು ಒಳಗಿನ ಗಾಳಿಯದ್ದು. ಇನ್ನೂ ಶೇ 5.5 ಕಮ್ಮಿಯೇ ಇದೆ. ತಿದ್ದುಪಡಿ ಶೇ 5 ಮೀರುವ ಡಿಟೆಕ್ಟರ್ ಅನ್ನು ಆ ಗಾತ್ರಕ್ಕೆ ಬಳಸಬೇಡಿ ಅಂತ ಟಿಆರ್‌ಎಸ್-483 ಹೇಳುತ್ತದೆ. 10 ಮಿಮೀಗಿಂತ ಕೆಳಗೆ ಅದನ್ನು ಇನ್ನು ಮುಟ್ಟುವುದಿಲ್ಲ ಅಂತ ನಿರ್ಧರಿಸಿದೆವು.

ಮೊದಲ ವಾರದ 0.548 ಅನ್ನೇ ಯಾರಾದರೂ ಕಂಪ್ಯೂಟರ್‌ಗೆ ಹಾಕಿದ್ದರೆ? 0.594ನ್ನು 0.548ರಿಂದ ಭಾಗಿಸಿ, 1.084. ಟ್ರೈಜೆಮಿನಲ್ ನರದ (ಮುಖದ ಸಂವೇದನೆಯ ನರ) ನೋವಿಗೆ ಇಂಥ ಸಣ್ಣ ಕಿರಣವನ್ನೇ ಬಳಸುವುದು, ಗರಿಷ್ಠ ಡೋಸ್ 70ರಿಂದ 90 ಗ್ರೇ. 80 ಅಂತ ಬರೆದರೆ ಹೋಗುವುದು 86.7. ಆ ನರ ಮೆದುಳುಕಾಂಡದಿಂದ ಹೊರಡುವ ಜಾಗದ ಪಕ್ಕದಲ್ಲೇ ಆ ಹೆಚ್ಚುವರಿ ಬೀಳುತ್ತದೆ.

ಫಿಲ್ಮ್

ಡಯೋಡ್ ಮತ್ತು ಡೈಮಂಡ್ ಎರಡೂ ಹೊಂದಿದವು, ಸಾಲದಾ? ನನಗೆ ಸಾಲದು. ಎರಡೂ ಒಂದೇ ಬುಷ್‌ನಲ್ಲಿ, ಒಂದೇ ಟ್ಯಾಂಕ್‌ನಲ್ಲಿ ಅಳೆದವು. ಎರಡರ ತಿದ್ದುಪಡಿಯೂ ಒಂದೇ ಪುಸ್ತಕದ್ದು. ಟ್ಯಾಂಕ್ ಸಂಬಂಧವೇ ಇಲ್ಲದ ಸಾಕ್ಷಿ ಬೇಕಿತ್ತು.

ಇಬಿಟಿ3 ಅನ್ನುವುದು ಕಿರಣ ಬಿದ್ದಲ್ಲಿ ಕಪ್ಪಾಗುವ ಫಿಲ್ಮ್. ಅದು ನೀರಿಗೆ ಹತ್ತಿರದ್ದು, ಅದಕ್ಕೆ ನಡು ಹುಡುಕುವ ತೊಂದರೆ ಇಲ್ಲ. ಇಡೀ ಚುಕ್ಕೆಯ ಚಿತ್ರವೇ ಬರುತ್ತದೆ, ನಡುವನ್ನು ಆಮೇಲೆ ಹುಡುಕಬಹುದು. ಅದಕ್ಕೆ ಅದರದ್ದೇ ಹಟಗಳಿವೆ. ಒಂದೇ ಪೆಟ್ಟಿಗೆಯ ಹಾಳೆಗಳಿಂದ ತುಂಡು ಕತ್ತರಿಸಿ, ಹಾಳೆ ಯಾವ ಕಡೆಗಿತ್ತು ಅಂತ ಪ್ರತಿ ತುಂಡಿನ ಮೂಲೆಯಲ್ಲಿ ಗುರುತು ಹಾಕಬೇಕು. ತಿರುಗಿಸಿ ಸ್ಕ್ಯಾನ್ ಮಾಡಿದರೆ ಓದು ಬದಲಾಗುತ್ತದೆ. ಸ್ಕ್ಯಾನರ್‌ನ ನಡುವಿನಲ್ಲೇ ಇಡಬೇಕು, ಬದಿಗೆ ಹೋದರೆ ಕಪ್ಪು ಹೆಚ್ಚುತ್ತದೆ. ಕಿರಣ ಕೊಟ್ಟ ಮೇಲೆ 24 ಗಂಟೆ ಕಾಯಬೇಕು. ಬೆರಳಚ್ಚು ಬೀಳಬಾರದು, ಕೈಗವಸು ಹಾಕಿಯೇ ಮುಟ್ಟಬೇಕು.

0ಯಿಂದ 10 ಗ್ರೇವರೆಗೆ ಒಂಬತ್ತು ತುಂಡಿನಲ್ಲಿ ಕ್ಯಾಲಿಬ್ರೇಷನ್ ಗೆರೆ ಎಳೆದು, ಘನ ಫ್ಯಾಂಟಮ್ (ದೇಹದ ಬದಲಿಗೆ ಇಡುವ ವಸ್ತು) ಹಲಗೆಗಳ ನಡುವೆ 10 ಸೆಂಮೀ ಆಳದಲ್ಲಿ 5 ಮಿಮೀ ಕೋನ್‌ನ ಮೂರು ತುಂಡು ತೆಗೆದೆವು. ಮರುದಿನ ಸ್ಕ್ಯಾನ್. ಹಾಳೆಯ ಮೇಲೆ ಬಟಾಣಿಯಷ್ಟೂ ಇಲ್ಲದ ಕಡು ಚುಕ್ಕೆ, ಅಂಚು ಮಸುಕು. ಅದರ ನಡುವಿನ 0.6 ಮಿಮೀ ವೃತ್ತದ ಸರಾಸರಿ ತೆಗೆದರೆ 0.589. ಡಯೋಡ್‌ಗಿಂತ ಶೇ 0.8 ಕಮ್ಮಿ. ಫಿಲ್ಮ್‌ನ ಸ್ವಂತ ಅನಿಶ್ಚಿತತೆಯೇ ಶೇ 2ರ ಹತ್ತಿರ, ಹಾಗಾಗಿ ಇದು ಹೊಂದಿದಂತೆಯೇ.

ಪ್ಲಾನಿಂಗ್ ಕಂಪ್ಯೂಟರ್‌ಗೆ

0.593 ಅಂತ ಹಾಕಿದೆವು. ನಾನು ಟೈಪ್ ಮಾಡಿದೆ, ಹುಡುಗಿ ಲಾಗ್ ಪುಸ್ತಕ ನೋಡಿ ಗಟ್ಟಿಯಾಗಿ ಓದಿ ತಾಳೆ ನೋಡಿದಳು. ಆಮೇಲೆ ಅದಲು ಬದಲು ಮಾಡಿಕೊಂಡು ಇನ್ನೊಮ್ಮೆ.

ಕೊನೆಗೆ ಒಂದು ಪೂರ್ತಿ ಓಟ. ತಲೆಯ ಆಕಾರದ ಫ್ಯಾಂಟಮ್ ಒಳಗೆ ಫಿಲ್ಮ್ ಇಟ್ಟು, 1 ಮಿಮೀ ಸೀಳುಗಳ ಸಿಟಿ ತೆಗೆದು, ರೋಗಿಗೆ ಮಾಡುವಂತೆಯೇ ಪ್ಲಾನ್ ಮಾಡಿ, ಆರ್ಕ್‌ಗಳಲ್ಲಿ, ಅಂದರೆ ಗ್ಯಾಂಟ್ರಿ ಸುತ್ತುತ್ತಿರುವಾಗಲೇ, ಡೋಸ್ ಕೊಟ್ಟೆವು. ಮೊದಲ ಸಲ ನಡುವಿನ ಡೋಸ್ ಹೊಂದಲಿಲ್ಲ. ಕಾರಣ ಬೇಗ ಸಿಕ್ಕಿತು. ಲೆಕ್ಕದ ಗ್ರಿಡ್ 3 ಮಿಮೀಯಲ್ಲಿ ಉಳಿದುಕೊಂಡಿತ್ತು. 5 ಮಿಮೀ ಚುಕ್ಕೆಯಲ್ಲಿ 3 ಮಿಮೀಗೊಂದು ಲೆಕ್ಕದ ಬಿಂದು ಇಟ್ಟರೆ ತುದಿ ಎರಡು ಬಿಂದುಗಳ ನಡುವೆ ತಪ್ಪಿಸಿಕೊಳ್ಳುತ್ತದೆ. 1 ಮಿಮೀ ಮಾಡಿ ಮತ್ತೆ ಲೆಕ್ಕ ಹಾಕಿಸಿದಾಗ ನಡುವಿನಲ್ಲಿ ಶೇ 1.6 ವ್ಯತ್ಯಾಸ ಉಳಿಯಿತು. ಡೋಸ್ ಶೇ 80ಕ್ಕೆ ಇಳಿಯುವ ಗೆರೆಯ ಅಗಲದಲ್ಲಿ 0.2 ಮಿಮೀ. ಈಗ ಕೋನ್ ಪ್ಲಾನ್‌ಗಳಿಗೆ ಗ್ರಿಡ್ 1 ಮಿಮೀ ಅಂತಲೇ ಟೆಂಪ್ಲೇಟ್ ಕಟ್ಟಿಟ್ಟಿದ್ದೇವೆ.

ಹಳೆಯ ಬುಷ್ ಅನ್ನು ಎಸೆಯಲಿಲ್ಲ. ಸೂಜಿಯ ಎರಡು ಫೋಟೋ ಜೊತೆ ಒಂದು ಕವರಿನಲ್ಲಿ ಹಾಕಿ ಲಾಗ್ ಪುಸ್ತಕಕ್ಕೆ ಅಂಟಿಸಿದ್ದೇವೆ. ಎರಡೂ ದಿಕ್ಕಿನಿಂದ ಸ್ಕ್ಯಾನ್ ಮಾಡುವುದು ಈಗ ಸೆಟಪ್ ಹಾಳೆಯ ಮೂರನೇ ಸಾಲು. ಅಂತರ 0.1 ಮಿಮೀ ಮೀರಿದರೆ ಅಳತೆ ಶುರು ಮಾಡುವಂತಿಲ್ಲ.

ಸೆಟ್‌ನಲ್ಲಿ 4 ಮಿಮೀ ಕೋನ್ ಒಂದಿದೆ. ಅದನ್ನೂ ಇದೇ ರೀತಿ ಅಳೆದೆವು, ಆದರೆ ಡಯೋಡ್‌ಗೂ ಫಿಲ್ಮ್‌ಗೂ ಶೇ 3.4 ಅಂತರ ಇನ್ನೂ ಇದೆ. ಕಂಪ್ಯೂಟರ್‌ನಲ್ಲಿ ಅದನ್ನು ಲಾಕ್ ಮಾಡಿದ್ದೇನೆ. ಹೊರಗಿನ ಆಡಿಟ್‌ಗೆ ಡೋಸಿಮೀಟರ್ ಗುಳಿಗೆಗಳಿಗೆ 5 ಮತ್ತು 4 ಎರಡೂ ಕೋನ್‌ಗಳಲ್ಲಿ ಕಿರಣ ಕೊಟ್ಟು ಅಂಚೆಗೆ ಹಾಕಿದ್ದೇವೆ. ಉತ್ತರ ಬರುವವರೆಗೆ 4ರ ಕೋನ್ ಬೀರುವಿನಲ್ಲೇ ಇರುತ್ತದೆ.